ಮುಂದಿನ ಸಾಲಿನ ತಾಳ

ಮೈಕೇ ಬೇಡದಷ್ಟು ಪುಟ್ಟ ಸಭಾಂಗಣ. ಹೊರಗೆ ಮಹಾನಗರದ ಗದ್ದಲ. ಭಾನುವಾರ ಬೆಳಗಿನ ಕಛೇರಿ. ಕಿವಿ ಪೂರ್ತಿ ಹೋಯಿತೆಂದು ನುಡಿಸುವುದನ್ನು ಬಿಟ್ಟು ಎರಡು ವರ್ಷವಾದರೂ ಹಳೆಯ ಮೃದಂಗ ವಿದ್ವಾಂಸರಿಗೆ ಮುಂದಿನ ಸಾಲಿನ ಕುರ್ಚಿ ತಪ್ಪಿರಲಿಲ್ಲ. ಅವರ ಎಡಕ್ಕೆ ಹೆಂಡತಿ, ಬಲಕ್ಕೆ ಅವಳ ತಮ್ಮ.

ಗಂಡನ ಎದೆಯ ಮುಂದೆಯೇ ಬಾಗಿ ಅವಳು ತಮ್ಮನನ್ನು ಕೇಳಿದಳು, "ಪುಡಿ ತಂದ್ಯೇನೋ?"

"ಮೆಲ್ಲಗೆ ಅಕ್ಕಾ. ಭಾವನಿಗೆ ಕೇಳಿಸದಿದ್ದರೂ ಹಿಂದೆ ಕೂತವರಿಗೆ ಕಿವಿ ಇದೆ."

"ಕಹಿ ಇಲ್ಲ ತಾನೇ?"

"ಕಾಫಿಯಲ್ಲಿ ಗೊತ್ತೇ ಆಗಲ್ಲ. ಮಧ್ಯಾಹ್ನ ಕೊಟ್ಟರೆ ಸಂಜೆಗೆ ಮುಗಿಯುತ್ತೆ."

"ಮುಗಿದರೆ ಸಾಕಪ್ಪ. ಈ ಕೈಸನ್ನೆಯ ಸಂಸಾರ ಸಾಕಾಗಿದೆ."

ಹಾಡು ಶುರುವಾಯಿತು. ವಿದ್ವಾಂಸರ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. "ಕಿವಿ ಇಲ್ಲದೆಯೂ ಎಂಥ ತಾಳ!" ಎಂದು ಹಿಂದೆ ಯಾರೋ ಬೆರಗಾದರು. ಅವಳಿಗೆ ಒಳಗೇ ನಗು ಬಂತು. ಗಾಯಕಿಯ ಕೈ ನೋಡಿ ಹಾಗೇ ಹಾಕುತ್ತಾರೆ, ಅದರಲ್ಲೇನು ಮಹಾ!

ಮೊದಲ ಕೀರ್ತನೆ ಮುಗಿಯಿತು. ಎರಡನೆಯದು ಬೇರೆಯೇ ತಾಳದ್ದು. ವಿದ್ವಾಂಸರ ಕೈ ತಡವರಿಸದೆ ಹೊಸ ತಾಳಕ್ಕೆ ಹೊರಳಿತು. ಒಂದು ಪೆಟ್ಟೂ ತಪ್ಪಲಿಲ್ಲ. ಕೊನೆಯ ಸಲ ಎಂಬಂತೆ ಅವಳು ಗಂಡನ ಮುಖ ನೋಡಿದಳು.

ಅವರ ಕಣ್ಣುಗಳೆರಡೂ ಮುಚ್ಚಿದ್ದವು.