ದೋಣಿಯ ಮೇಲೆ ಬಾಗಿಲ ಹಾಡು

ತಾಯಿ ಬರೆದ ಹಾಡಿನ ವಿಡಿಯೊವನ್ನು ಮಗಳೂ ಅವಳ ಗೆಳತಿಯೂ ಹತ್ತನೇ ಸಲ ನೋಡುತ್ತಿದ್ದರು.

"ಹಾಡು ಸೂಪರ್ ಆಂಟಿ, ವಿಡಿಯೊ ದಂಡ," ಎಂದಳು ಗೆಳತಿ. "ನೀವು ಬಾಗಿಲಲ್ಲಿ ನಿಂತು ಕಾಯೋ ಸಂಕಟ ಬರೆದಿದ್ದೀರಿ. ಇವರು ನೋಡಿದ್ರೆ ದೋಣಿ ಮೇಲೆ ಕುಣೀತಿದ್ದಾರೆ!"

"ಕುಣಿತಾನೇ ಚೆನ್ನಾಗಿರೋದು ಕಣೇ. ಅಮ್ಮನ ಸಾಹಿತ್ಯಾನೇ ಅಳುಮುಂಜಿ," ಎನ್ನುತ್ತಾ ಮಗಳು ಚಪ್ಪಲಿ ಮೆಟ್ಟಿದಳು. "ಅಮ್ಮಾ, ನಂಗೆ ಇವತ್ತೂ ಲೇಟಾಗುತ್ತೆ."

ತಾಯಿ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದಳು. "ಬರೀ ಟ್ಯೂನ್ ಹಾಕಿ ಕುಣಿಸಿ ಮೊದಲೇ ಶೂಟಿಂಗ್ ಮುಗಿಸಿದ್ರು. ಆಮೇಲೆ ವಿಡಿಯೊ ಕಳಿಸಿ, ಬೆಳಗಾಗೋದ್ರೊಳಗೆ ಸಾಹಿತ್ಯ ಕೊಡಿ ಅಂದ್ರು."

"ಹಂಗಾದ್ರೆ ದೋಣಿ ನೋಡ್ಕೊಂಡು ಬಾಗಿಲು ಯಾಕಮ್ಮ ಬರೆದೆ?"

"ನಾನೆಲ್ಲಿ ದೋಣಿ ನೋಡಿದೆ? ಅವತ್ತು ರಾತ್ರಿ ನೀನು ಮನೆಗೂ ಬಂದಿರಲಿಲ್ಲ, ಫೋನೂ ಎತ್ತಿರಲಿಲ್ಲ."