ಹದಿನೇಳನೇ ಕರುಳು

ಪರದೆಯ ಮೇಲೆ ಹದಿನೇಳನೇ ಸ್ಯಾಂಪಲ್ ತೆರೆದುಕೊಂಡಾಗ ಅವಳು ಅದರ ನಂಬರನ್ನು ಮತ್ತೊಮ್ಮೆ ಓದಿದಳು. ರೋಗಿಯ ಕರುಳಿನ ಚೂರನ್ನು ಬಿಡಿಬಿಡಿ ಜೀವಕೋಶಗಳಾಗಿಸಿ, ಒಂದೊಂದರ ಗುಣವನ್ನೂ ಓದಿ, ಚುಕ್ಕೆಗಳಾಗಿ ಹರಡುವುದು ಅವಳ ಕೆಲಸ. ಹುಣ್ಣಾದ ಕರುಳಿನಲ್ಲಿ ಯಾವ ಜಾತಿಯ ಕೋಶ ದಾಂಧಲೆ ಎಬ್ಬಿಸಿದೆ, ಅದನ್ನು ಯಾವ ಔಷಧಿ ಅಡಗಿಸೀತು ಎಂಬುದನ್ನು ಆ ಚುಕ್ಕೆಗಳು ಹೇಳುತ್ತವೆ. ಸ್ಯಾಂಪಲ್‌ಗೆ ಹೆಸರಿರುವುದಿಲ್ಲ, ಬರೀ ನಂಬರು. ಆದರೆ ಅದೇ ನಂಬರಿನ ಪಟ್ಟಿಯನ್ನು ಬೆಳಿಗ್ಗೆಯಷ್ಟೇ ಎದುರು ಕಟ್ಟಡದ ವಾರ್ಡಿನಲ್ಲಿ, ತಮ್ಮನ ಮಣಿಕಟ್ಟಿನ ಮೇಲೆ ನೋಡಿ ಬಂದಿದ್ದಳು.

ರಕ್ತ ನಿಲ್ಲದ್ದರಿಂದ, ಈ ಸಲ ಅವಳ ವರದಿಗೂ ಕಾಯದೆ, ಮಧ್ಯಾಹ್ನ ಮೂರಕ್ಕೆ ಅವನಿಗೆ ಹೊಸ ಔಷಧಿ ಏರಿಸುವುದೆಂದು ನಿಗದಿಯಾಗಿತ್ತು. ಆ ಔಷಧಿ ಹಿಡಿಯಬೇಕಾದ ಕೋಶಗಳು ಇಲ್ಲಿ ಹುಡುಕಿದರೂ ಇರಲಿಲ್ಲ. ಬದಲಿಗೆ ಮೂಲೆಯಲ್ಲಿ ಬೇರೊಂದು ಗುಂಪು ಕಿಕ್ಕಿರಿದಿತ್ತು. ಅಂಥದೇ ಗುಂಪಿದ್ದ ಹಿಂದಿನ ಇಬ್ಬರಿಗೆ ಇದೇ ಔಷಧಿ ಕೊಟ್ಟಾಗ ಕರುಳು ತೂತುಬಿದ್ದಿತ್ತು. ಗಡಿಯಾರ ನೋಡಿದಳು. ಎರಡೂವರೆ. ಚುಕ್ಕೆಗಳ ಚಿತ್ರವನ್ನು ಮುದ್ರಿಸಿಕೊಂಡು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ವಾರ್ಡಿನ ವೈದ್ಯೆಯ ಬಳಿಗೆ ಓಡಿದಳು.

“ಮೇಡಂ, ಹದಿನೇಳಕ್ಕೆ ಅದನ್ನ ಹಾಕಬೇಡಿ!”

ವೈದ್ಯೆ ಅವಳು ತಂದ ಚಿತ್ರವನ್ನು ಎರಡೆರಡು ಸಲ ನೋಡಿದರು. “ಮತ್ತೇನು ಹಾಕ್ಲಿ? ಇನ್ನೆರಡು ವಾರ ಹೀಗೇ ರಕ್ತ ಹೋದ್ರೆ ದೊಡ್ಡಕರುಳು ತೆಗೆಯೋದೇ.”

“ಕೀಲುನೋವಿಗೆ ಕೊಡೋ ಒಂದು ಹಳೇ ಔಷಧಿ ಇದೆ. ಈ ಗುಂಪನ್ನ ಅದು ಅಡಗಿಸ್ಬಹುದು.”

“ಕರುಳಿನ ಕಾಯಿಲೆಗೆ ಯಾರಿಗಾದ್ರೂ ಕೊಟ್ಟಿದಾರಾ?”

“ಇಲ್ಲ. ಲ್ಯಾಬಿನಲ್ಲಿ ಬೆಳೆಸಿದ ಕೋಶಗಳ ಮೇಲಷ್ಟೇ ನೋಡಿರೋದು.” ಅವಳು ಚಿತ್ರದ ಮೇಲಿದ್ದ ನಂಬರಿಗೆ ಬೆರಳಿಟ್ಟಳು. “ಮೇಡಂ, ಹದಿನೇಳು ನನ್ನ ತಮ್ಮ.”

ವೈದ್ಯೆ ಫೋನೆತ್ತಿ ಮೂರು ಗಂಟೆಯ ಔಷಧಿ ನಿಲ್ಲಿಸಿದರು. ಆಮೇಲೆ ಅವಳ ಕೈಯಿಂದ ಕಾಗದ ತೆಗೆದುಕೊಂಡು, “ಇದನ್ನಿನ್ನು ನೀನು ಮುಟ್ಟಬೇಡ. ಬೇರೆಯವರು ಮೊದಲಿಂದ ನೋಡ್ಲಿ” ಎಂದರು.

ಬೇರೆಯವರೂ ನೋಡಿದರು. ಅದೇ ಗುಂಪು, ಅದೇ ಉತ್ತರ. ಆಸ್ಪತ್ರೆಯ ಸಮಿತಿ ಒಪ್ಪುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು, ತಮ್ಮ ಬಿಳುಚಿ ಹಾಸಿಗೆಗೆ ಅಂಟಿಹೋಗಿದ್ದ.

“ಅಕ್ಕಾ, ಇದನ್ನ ನೀನೇ ಆರಿಸಿದ್ಯಂತೆ?”

“ಹೂಂ ಕಣೋ.”

“ಹಂಗಾದ್ರೆ ಹಾಕಿಸು. ಎಡವಟ್ಟಾದ್ರೆ ಬೈಯೋಕೆ ಸ್ವಂತ ಅಕ್ಕನೇ ಸಿಕ್ಕಿದ ಹಾಗಾಯ್ತು.”

ಅವನು ನಕ್ಕ. ಅವಳಿಂದ ನಗಲಾಗಲಿಲ್ಲ. ನರ್ಸ್ ಸೂಜಿ ಚುಚ್ಚುವಾಗ ಮಂಚದ ಕಂಬಿ ಹಿಡಿದು ನಿಂತಿದ್ದಳು. ಅಂದು ಸಂಜೆ ಅವನಿಗೆ ಜ್ವರ ಏರಿತು. ಮರುದಿನ ಹೊಟ್ಟೆ ಉಬ್ಬರಿಸಿತು. ಅವನು ಶೌಚಾಲಯದ ಬಾಗಿಲು ಹಾಕಿಕೊಂಡಾಗಲೆಲ್ಲ ಅವಳು ಹೊರಗೆ ನಿಂತು ಕಾಯುತ್ತಿದ್ದಳು. ಒಳಗಿಂದ ಅವನು ದಿನಕ್ಕೆ ಹತ್ತು ಸಲ ಒಂದೇ ಮಾತು ಹೇಳುತ್ತಿದ್ದ: “ಕೆಂಪೇ.”

ಆರನೇ ದಿನ ಬೆಳಿಗ್ಗೆ ಒಳಗಿಂದ ಸದ್ದೇ ಇಲ್ಲ. ಅವಳು ಬಾಗಿಲು ಬಡಿದಳು. ಇನ್ನೊಮ್ಮೆ ಬಡಿದಳು.

“ತಡಿಯೇ ಮಾರಾಯ್ತಿ, ಸರಿಯಾಗಿ ನೋಡ್ತಿದೀನಿ” ಎಂದ ತಮ್ಮ. “ಅಕ್ಕಾ... ಇವತ್ತು ಕೆಂಪಿಲ್ಲ!”

ಅವಳು ಅಲ್ಲೇ ಗೋಡೆಗೊರಗಿ ನೆಲಕ್ಕೆ ಕುಸಿದಳು. ಆ ದಾರಿಯಲ್ಲಿ ಬಂದ ವೈದ್ಯೆ ವಿಷಯ ತಿಳಿದು ಪಕ್ಕದಲ್ಲೇ ಕೂತು, ಮುಖ ಮುಚ್ಚಿಕೊಂಡಿದ್ದ ಅವಳ ಕೈ ಬಿಡಿಸಿ ಹಿಡಿದುಕೊಂಡರು. “ಗಂಡಾಂತರ ಕಳೀತಲ್ಲಮ್ಮಾ. ಇನ್ನೂ ಯಾಕೆ ಇಷ್ಟು ಹೆದರ್ತೀಯಾ?”

“ಮೊದಲ ಹದಿನಾರು ಜನಕ್ಕೂ, ಕರುಳು ತೂತುಬಿದ್ದ ಆ ಇಬ್ಬರಿಗೂ, ಯಾವ ಔಷಧಿ ಅಂತ ಬರೆದುಕೊಟ್ಟವಳು ನಾನೇ, ಮೇಡಂ,” ಎಂದಳು ಅವಳು. “ಪ್ರತಿ ಸಲವೂ ಬರೆದಿಟ್ಟು, ಕೈ ತೊಳೆದು, ಊಟಕ್ಕೆ ಹೋಗ್ತಿದ್ದೆ.”