ಬುತ್ತಿ ಇಳಿಸುವ ಹೊತ್ತು

ಕಡಲಲ್ಲಿ ಮುಳುಗಿಹೋದ ಮಲ್ಪೆಯ ಮೇಲೆ ಪ್ರವಾಸಿ ಹಡಗು ನಿಂತಿತು. ಪ್ರತಿವರ್ಷ ಬರುವ ವಾರಿಜಕ್ಕ ಹೊಸಬಳಾದ ಪ್ರಫುಲ್ಲಳ ಬುತ್ತಿಗೆ ಹಗ್ಗ ಕಟ್ಟಿಕೊಟ್ಟಳು.

“ಇನ್ನೊಮ್ಮೆ ಬರುವಾಗ ನಡುವಿನ ಕ್ಯಾಬಿನ್ನೇ ತಕೋ ಮಾರಾಯ್ತಿ, ತೂಗಾಟ ಕಡಿಮೆ. ತಲೆ ತಿರುಗಿದ್ರೆ ಶುಂಠಿ ಅಗಿ. ಊರಿನ ಜೊತೆ ಮುಳುಗಿ ಕೆಳಗಿರುವ ನಮ್ಮವರು ಪಾತ್ರೆ ಖಾಲಿ ಕಳಿಸುವವರಲ್ಲ, ಏನಾದ್ರೂ ಹಾಕಿಯೇ ಕಳಿಸ್ತಾರೆ. ಅದನ್ನು ಮಾತ್ರ ಇಟ್ಕೊಳ್ಬೇಡ, ನೀರಿಗೇ ಹಾಕು. ಇಟ್ಕೊಂಡವರು ಬೆಳಗ್ಗೆ ಹಡಗಲ್ಲಿ ಇರುವುದಿಲ್ಲ.”

ಬುತ್ತಿಯನ್ನು ನೀರಿಗಿಳಿಸಿ ಮೇಲೆಳೆದಾಗ ಪ್ರಫುಲ್ಲಳ ಡಬ್ಬಿಯಲ್ಲಿ ಒದ್ದೆ ಅಬ್ಬಲಿಗೆ ಹೂ ಬಂತು. ಅಳುತ್ತಲೇ ಕಡಲಿಗೆ ಬಿಟ್ಟಳು.

ವಾರಿಜಕ್ಕನ ಹಗ್ಗವನ್ನೂ ಕೆಳಗಿನಿಂದ ಎಂದಿನಂತೆ ಜಗ್ಗಿದರು. ಮೇಲೆಳೆದು ಮುಚ್ಚಳ ತೆಗೆದಳು. ಗಂಡ ಪ್ರತಿಸಲ ಕಳಿಸುತ್ತಿದ್ದ ಬೆಲ್ಲದ ಚೂರು ಇರಲಿಲ್ಲ. ಬದಲಿಗೆ ಕೆಳಗಿನ ಮನೆಯ ಬೀಗದ ಕೈ ಇತ್ತು.

“ಏನು ಬಂತು, ಅಕ್ಕಾ?”

“ಬೆಲ್ಲ,” ಎಂದಳು ವಾರಿಜಕ್ಕ, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾ.